ಕಾಡುಮೇಡು ಸುತ್ತೋ ಗಾಡಿಗೆ ಕೋಟಿಂಗ್ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಹೊಸದಾಗಿ ಒಂದು ಫೋರ್ ಬೈ ಫೋರ್ ತಗೊಂಡಿದೀನಿ, ಕಪ್ಪು ಬಣ್ಣ. ಸೆರಾಮಿಕ್ ಕೋಟಿಂಗ್ ಮಾಡಿಸ್ಕೊಂಡ್ಬಿಡಿ, ಐದು ವರ್ಷ ಪೇಂಟ್‌ಗೆ ಏನೂ ಆಗಲ್ಲ ಅಂತ ಶೋರೂಮ್‌ನೋರು ಹಿಂದೆ ಬಿದ್ದಿದಾರೆ. ಜೊತೆಗೆ ಟ್ರೇಲ್‌ಗೆ ಬರೋ ಫ್ರೆಂಡ್ ಒಬ್ಬ ಅದು ದಂಡ, ಹಾಕ್ಸೋದಾದ್ರೆ ಪಿಪಿಎಫ್ (ಪೇಂಟ್ ಮೇಲೆ ಅಂಟಿಸೋ ಪಾರದರ್ಶಕ ಫಿಲ್ಮ್) ಹಾಕ್ಸು ಅಂತಾನೆ. ಇನ್ನೊಬ್ಬ ಎರಡೂ ಬೇಡ, ಇಂಥ ಗಾಡಿಗೆ ಗೀರು ಬಿದ್ರೇನೇ ಲಕ್ಷಣ ಅಂತಾನೆ. ತಿಂಗಳಿಗೆ ಒಂದೆರಡು ಸಲ ಕಾಡುದಾರಿ, ಕೆಸರು, ಕಲ್ಲುಹಾದಿ ಅಂತ ಹೋಗ್ತೀನಿ, ಮಿಕ್ಕ ದಿನ ಆಫೀಸಿಗೂ ಇದೇ ಗಾಡಿ. ಏನ್ಮಾಡ್ಲಿ?

ಉತ್ತರ: ‘ಏನೂ ಆಗಲ್ಲ’ ಅಂದ ತಕ್ಷಣ ವಾರಂಟಿ ಪೇಪರ್ ಇಸ್ಕೊಂಡು ಸಣ್ಣಕ್ಷರದಲ್ಲಿ ಏನಿದೆ ಅಂತ ಓದಿ ಸರ್. ಬಹುತೇಕ ವಾರಂಟಿಗಳಲ್ಲಿ ಗೀರು, ಕಲ್ಲೇಟು, ನೀರಿನ ಕಲೆ ಇದ್ಯಾವುದೂ ಬರಲ್ಲ, ಮೇಲಿಂದ ವರ್ಷಕ್ಕೊಂದ್ಸಲ ಅವರತ್ರಾನೇ ಚೆಕಪ್‌ಗೆ ಬರ್ಬೇಕು ಅಂತಿರತ್ತೆ. ನಿಮ್ಮ ಗಾಡಿಗೆ ಆಗೋದೇ ಗೀರು ಮತ್ತು ಕಲ್ಲೇಟು. ಅಂದ್ಮೇಲೆ ಆ ವಾರಂಟಿ ಕಟ್ಕೊಂಡು ಏನ್ಮಾಡ್ತೀರ?

ಇಲ್ಲಿ ಎಲ್ಲಾ ಲೆಕ್ಕಾನೂ ದಪ್ಪದ್ದು. ಕಾರ್ಖಾನೆ ಪೇಂಟ್ ಪೂರ್ತಿ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಇರತ್ತೆ, ಅದರಲ್ಲಿ ಮೇಲಿನ ಕ್ಲಿಯರ್ ಕೋಟ್, ಅಂದ್ರೆ ಹೊಳಪು ಕೊಡೋ ಪದರ, 40-50 ಮೈಕ್ರಾನ್. ಸೆರಾಮಿಕ್ ಕೋಟಿಂಗ್ ಅನ್ನೋದು ಸಿಲಿಕಾ ಜಾತಿಯ ಒಂದು ದ್ರವ, ಪ್ಯಾಡ್‌ನಲ್ಲಿ ಒರೆಸಿ ಹಚ್ತಾರೆ, ಗಾಳಿಲಿರೋ ತೇವ ಹೀರ್ಕೊಂಡು ಗಟ್ಟಿಯಾಗತ್ತೆ, ಒಂದು ಕೋಟ್ ಒಣಗಿದ್ಮೇಲೆ ಉಳಿಯೋದು ಹೆಚ್ಚುಕಮ್ಮಿ ಒಂದು ಮೈಕ್ರಾನ್, ಎಷ್ಟೋ ಸಲ ಅದೂ ಇರಲ್ಲ. ಮೂರು ಲೇಯರ್ ಹಾಕ್ತೀವಿ ಅಂದ್ರೂ ಎರಡು ಮೂರು ಮೈಕ್ರಾನ್. ಗಾಡಿ ಪಕ್ಕಕ್ಕೆ ಒಣಗಿದ ಮುಳ್ಳುಕಂಟಿ ತಾಗಿ ಕರ್‌ರ್‌ರ್ ಅಂತ ಎಳ್ಕೊಂಡು ಹೋಗೋವಾಗ ಈ ಎರಡು ಮೂರು ಮೈಕ್ರಾನ್ ಅದನ್ನ ತಡೆಯತ್ತೆ ಅಂತ ನಂಬೋದು ಕಷ್ಟ, ತಡೆಯೋದೂ ಇಲ್ಲ.

ಹಂಗಂತ ಸೆರಾಮಿಕ್ ಪೂರ್ತಿ ದಂಡ ಅಂತ ನಾನು ಹೇಳಲ್ಲ. ಅದರ ಕೆಲಸಾನೇ ಬೇರೆ. ಕೋಟ್ ಆದ ಮೈಮೇಲೆ ನೀರು ಮಣಿಮಣಿಯಾಗಿ ಉರುಳಿ ಹೋಗತ್ತೆ, ಕೆಸರು ಗಟ್ಟಿಯಾಗಿ ಕಚ್ಕೊಳಲ್ಲ, ಪೈಪಲ್ಲಿ ನೀರು ಬಿಟ್ರೇ ಅರ್ಧಕ್ಕರ್ಧ ಜಾರಿ ಹೋಗತ್ತೆ. ತೊಳೆಯೋವಾಗ ಕೈ ಹಾಕಿ ಉಜ್ಜೋದು ಎಷ್ಟು ಕಮ್ಮಿ ಆಗತ್ತೋ ಉಜ್ಜಿ ಬೀಳೋ ಗೀರೂ ಅಷ್ಟು ಕಮ್ಮಿ, ಕಪ್ಪು ಬಣ್ಣಕ್ಕಂತೂ ಇದು ದೊಡ್ಡ ಲಾಭ, ಯಾಕಂದ್ರೆ ಕಪ್ಪು ಗಾಡಿ ಮೇಲೆ ಬಿಸಿಲಲ್ಲಿ ಕಾಣೋ ಜೇಡರಬಲೆ ಗೀರುಗಳಲ್ಲಿ ಹೆಚ್ಚಿನವು ಕಾಡಿಂದ ಬಂದವಲ್ಲ, ಬಟ್ಟೆ ಮತ್ತು ಬಕೆಟ್ಟಿಂದ ಬಂದವು. ಹಕ್ಕಿ ಹಿಕ್ಕೆ, ಮರದ ಅಂಟು, ಬಂಪರ್ ಮೇಲೆ ಅಪ್ಪಚ್ಚಿಯಾದ ಹುಳ ಇವು ಪೇಂಟ್ ತಿನ್ನೋ ಮುಂಚೆ ಒರೆಸೋಕೆ ಸ್ವಲ್ಪ ಟೈಮ್ ಸಿಗತ್ತೆ. ಸ್ವಲ್ಪಾನೇ, ವಾರಗಟ್ಟಲೆ ಬಿಟ್ರೆ ಕೋಟಿಂಗ್ ಇದ್ರೂ ಕಲೆ ಕೂರತ್ತೆ. ಇನ್ನೊಂದು, ಗಡಸು ನೀರಲ್ಲಿ ತೊಳೆದು ಬಿಸಿಲಲ್ಲಿ ಹಂಗೇ ಬಿಟ್ರೆ ಆ ಮಣಿಗಳೇ ಒಣಗಿ ಬಿಳಿ ಚುಕ್ಕೆ ಆಗ್ತವೆ, ಕೋಟಿಂಗ್ ಇರೋ ಗಾಡಿಲಿ ಇದು ಇನ್ನೂ ಎದ್ದು ಕಾಣತ್ತೆ. ಇದನ್ನ ಮಾರೋರು ಮೊದಲೇ ಹೇಳಲ್ಲ.

ಈಗ ಪಿಪಿಎಫ್. ಇದು ಟಿಪಿಯು ಅನ್ನೋ ಪ್ಲಾಸ್ಟಿಕ್ಕಿನ ಪಾರದರ್ಶಕ ಫಿಲ್ಮ್, 150ರಿಂದ 200 ಮೈಕ್ರಾನ್ ದಪ್ಪ, ಅಂದ್ರೆ ಇದೊಂದೇ ನಿಮ್ಮ ಪೂರ್ತಿ ಪೇಂಟ್‌ಗಿಂತ ದಪ್ಪ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗೆ ಮರಳು, ಕಲ್ಲುಚೂರು ಬಡಿದು ಹಾಳಾಗ್ತಿದ್ದಕ್ಕೆ ಅಮೆರಿಕದಲ್ಲಿ ಮಾಡಿದ ಫಿಲ್ಮ್‌ನ ವಂಶ ಇದು, ಹಂಗಾಗಿ ಕಲ್ಲೇಟು ತಡ್ಕೊಳೋದು ಇದರ ಹುಟ್ಟುಗುಣ. ಕೊಂಬೆ ಸವರಿದ ಸಣ್ಣ ಗೀರು ಬಿಸಿಲಿಗೋ ಬಿಸಿನೀರಿಗೋ ತಾನಾಗೇ ಮುಚ್ಕೊಳತ್ತೆ, ಅದು ನಿಜ. ಆದ್ರೆ ಫಿಲ್ಮ್ ಹರಿದುಹೋಗೋಷ್ಟು ಮುಳ್ಳು ಎಳೆದ್ರೆ, ಬಂಡೆಗೆ ಒರೆಸ್ಕೊಂಡ್ರೆ ಅದು ಮುಚ್ಚಲ್ಲ, ಆ ಪ್ಯಾನೆಲ್‌ದು ಕಿತ್ತು ಹೊಸದು ಹಾಕ್ಸ್ಬೇಕು. ಪೇಂಟ್ ಉಳೀತು ಅಂತ ಸಮಾಧಾನ ಪಟ್ಕೊಬಹುದು, ಜೇಬು ಮಾತ್ರ ಪಡಲ್ಲ.

ಪಿಪಿಎಫ್ ಸೋಲೋದು ಅಂಚಲ್ಲಿ. ಕೆಸರಲ್ಲಿ ಓಡೋ ಗಾಡಿಲಿ ವೀಲ್ ಆರ್ಚ್, ಅಂದ್ರೆ ಟಯರ್ ಮೇಲಿನ ಕಮಾನು, ಅದರ ಹತ್ರ ಬಗ್ಗಿ ನೋಡಿ, ಫಿಲ್ಮ್ ಮುಗಿಯೋ ಕಡೆ ಕೂದಲೆಳೆ ಥರ ಒಂದು ಕಂದು ಗೆರೆ ಕೂತಿರತ್ತೆ, ಅಂಟಿಗೆ ಮಣ್ಣು ಮೆತ್ಕೊಂಡಿರೋದು. ಆಮೇಲೆ ಯಾರೋ ಪ್ರೆಷರ್ ವಾಷರ್ ನಳಿಗೇನ ಅಲ್ಲಿಗೇ ಹತ್ರ ಹಿಡಿದು ಹೊಡೀತಾರೆ, ಮೂಲೆ ಏಳತ್ತೆ, ಎದ್ದ ಮೂಲೆ ಒಳಗೆ ಇನ್ನಷ್ಟು ಮಣ್ಣು ಹೋಗತ್ತೆ, ಅಲ್ಲಿಗೆ ಆ ತುಂಡಿನ ಕಥೆ ಮುಗೀತು. ಅದಕ್ಕೇ ಹಾಕ್ಸೋವಾಗ ಅಂಚನ್ನ ಒಳಗೆ ಮಡಚಿ ಕೂರಿಸ್ತೀರಾ ಅಂತ ಕೇಳಿ. ಇನ್ನೊಂದು ಕೇಳ್ಬೇಕಾದ್ದು, ಫಿಲ್ಮ್‌ನ ಮೆಷಿನ್‌ನಲ್ಲಿ ಅಳತೆಗೆ ಕತ್ತರಿಸಿ ತರ್ತೀರಾ ಇಲ್ಲ ಗಾಡಿ ಮೇಲೇ ಬ್ಲೇಡ್ ಹಾಕ್ತೀರಾ ಅಂತ. ಕೈ ಪಳಗದವರು ಗಾಡಿ ಮೇಲೆ ಬ್ಲೇಡ್ ಎಳೆದ್ರೆ ಫಿಲ್ಮ್ ಜೊತೆ ಕ್ಲಿಯರ್ ಕೋಟೂ ಕುಯ್ದಿರತ್ತೆ, ಅದು ಗೊತ್ತಾಗೋದು ವರ್ಷಗಳಾದ್ಮೇಲೆ ಫಿಲ್ಮ್ ಕಿತ್ತಾಗ.

ಹಂಗಾದ್ರೆ ನಿಮಗೆ ಏನು? ಪೂರ್ತಿ ಬಾಡಿ ಪಿಪಿಎಫ್ ಬೇಡ ಅಂತೀನಿ, ದುಡ್ಡು ಸೆರಾಮಿಕ್‌ನ ಎಷ್ಟೋ ಪಟ್ಟು, ಅದೂ ರೂಫು, ಹಿಂದಿನ ಡೋರು ಇಂಥ ಕಡೆ ಅದರಿಂದ ಅಂಥ ಉಪಯೋಗ ಇಲ್ಲ. ಏಟು ಬೀಳೋ ಜಾಗಕ್ಕಷ್ಟೇ ಹಾಕ್ಸಿ. ಬಾನೆಟ್‌ನ ಮುಂದಿನ ಅಂಚು, ಹಿಂದಿನ ವೀಲ್ ಆರ್ಚ್‌ನ ಮುಂಭಾಗ (ಮುಂದಿನ ಟಯರ್ ಎಸೆಯೋ ಕಲ್ಲೆಲ್ಲಾ ಸೀದಾ ಅಲ್ಲಿಗೇ ಬರೋದು), ಡೋರಿನ ಕೆಳಗಿನ ಅರ್ಧ, ಡೋರ್ ತೆಗೆದಾಗ ಬೂಟು ತಾಗೋ ಪಟ್ಟಿ, ಕನ್ನಡಿಯ ಹೊರಮೈ. ದಾರಿ ತುಂಬಾ ಇಕ್ಕಟ್ಟು, ಎರಡೂ ಕಡೆ ಪೊದೆ ಅಂದ್ರೆ ಡೋರು ಪೂರ್ತಿ ಹಾಕ್ಸಿ, ಅದು ಬೇರೆ ಮಾತು. ಮಿಕ್ಕಿದ್ದಕ್ಕೆ ಸೆರಾಮಿಕ್ ಬೇಕು ಅನ್ಸಿದ್ರೆ ಒಂದು ಲೇಯರ್ ಸಾಕು, ಇಲ್ಲ ಕೆಲವು ತಿಂಗಳು ಬರೋ ಸ್ಪ್ರೇ ಸೀಲೆಂಟ್ ನೀವೇ ಒಂದು ಭಾನುವಾರ ಕೂತು ಹಚ್ಕೊಳಿ, ಕೆಸರು ಜಾರೋ ಗುಣ ಅದರಲ್ಲೂ ಸಿಗತ್ತೆ. ಮೇಣದ ಪಾಲಿಷ್ ಹೊಳಪೇನೋ ಚೆನ್ನಾಗಿ ಕೊಡತ್ತೆ, ಆದ್ರೆ ನಿಮ್ಮ ಓಡಾಟಕ್ಕೆ ಕೆಲವೇ ವಾರ, ಆಮೇಲೆ ಪತ್ತೆ ಇರಲ್ಲ.

ಗೀರೇ ಲಕ್ಷಣ ಅಂದ ಎರಡನೇ ಫ್ರೆಂಡ್ ಇದಾರಲ್ಲ, ಅವರ ಮಾತಲ್ಲೂ ಒಂದು ಹುರುಳಿದೆ. ಕ್ಲಿಯರ್ ಕೋಟ್ ಮೇಲಿನ ಗೀರಿಂದ ಗಾಡಿಗೆ ಏನೂ ಆಗಲ್ಲ, ಅದು ಕಣ್ಣಿನ ತೊಂದರೆ ಅಷ್ಟೇ. ಗಾಡಿ ತಿನ್ನೋದು ತುಕ್ಕು, ತುಕ್ಕು ಶುರುವಾಗೋದು ನೀವು ಪಾಲಿಷ್ ಹಾಕೋ ಬಾನೆಟ್ ಮೇಲಲ್ಲ. ಆ ವಿಷಯಕ್ಕೆ ಕೆಳಗೆ ಇನ್ನೊಬ್ಬ ಓದುಗರ ಪ್ರಶ್ನೇಲಿ ಬರ್ತೀನಿ, ದಯವಿಟ್ಟು ಅದನ್ನೂ ಓದಿ, ಬಜೆಟ್ ಇರೋದು ಒಂದೇ ಕೆಲಸಕ್ಕೆ ಅಂದ್ರೆ ನನ್ನ ಓಟು ಅದಕ್ಕೇ.

ಪ್ರಶ್ನೆ: ಕೋಟಿಂಗ್ 9ಎಚ್ ಗಡಸುತನ, ವಜ್ರದ ನಂತರ ಇದೇ ಅಂತ ಜಾಹೀರಾತಲ್ಲಿ ಬರತ್ತಲ್ಲ, ಹಂಗಿದ್ಮೇಲೆ ಕಲ್ಲು ಮರಳಿಗೆ ಯಾಕೆ ಗೀರು ಬೀಳ್ಬೇಕು?

ಉತ್ತರ: ಅದು ವಜ್ರದ ಅಳತೆ ಅಲ್ಲ, ಪೆನ್ಸಿಲ್‌ದು. ಖನಿಜಗಳ ಗಡಸುತನ ಅಳೆಯೋದು ಮೋಸ್ ಸ್ಕೇಲಲ್ಲಿ, ಅಲ್ಲಿ ವಜ್ರ 10. ಕೋಟಿಂಗ್‌ನೋರು ಹೇಳೋ 9ಎಚ್ ಅಂದ್ರೆ ಡ್ರಾಯಿಂಗ್ ಪೆನ್ಸಿಲ್ ಮೇಲೆ ಬರೆದಿರತ್ತಲ್ಲ ಎಚ್‌ಬಿ, 2ಎಚ್ ಅಂತ, ಅದೇ ಸಾಲಿನ ಕೊನೆಯದು. ಪೆನ್ಸಿಲ್‌ನ 45 ಡಿಗ್ರಿ ಓರೆಯಾಗಿ ಹಿಡಿದು, ಗೊತ್ತಾದಷ್ಟು ಭಾರ ಹಾಕಿ ಪೇಂಟ್ ಮೇಲೆ ತಳ್ತಾರೆ, ಯಾವ ಪೆನ್ಸಿಲ್‌ಗೆ ಗೀರು ಬೀಳಲ್ವೋ ಅದೇ ನಂಬರು. ಪೆನ್ಸಿಲ್ ಒಳಗಿರೋದು ಗ್ರಾಫೈಟು, ಜೇಡಿಮಣ್ಣು. ಮರಳಲ್ಲಿ ಹೆಚ್ಚಾಗಿ ಇರೋದು ಕ್ವಾರ್ಟ್ಜ್, ಮೋಸ್ ಸ್ಕೇಲಲ್ಲಿ 7, ಸಾಮಾನ್ಯ ಕಬ್ಬಿಣಾನೂ ಗೀರುವಂಥದ್ದು. ಅದರ ಮುಂದೆ ಪೆನ್ಸಿಲ್ ಪಾಸ್ ಆದೋರು ಏನ್ಮಾಡ್ತಾರೆ?

ಅದಲ್ದೆ ಕೋಟಿಂಗ್ ಎಷ್ಟೇ ಗಡಸಾಗಿದ್ರೂ ಅದು ಕೂತಿರೋದು ಮೆತ್ತಗಿನ ಕ್ಲಿಯರ್ ಕೋಟ್ ಮೇಲೆ. ಹಾಸಿಗೆ ಮೇಲೆ ತೆಳ್ಳನೆ ಗಾಜು ಇಟ್ಟು ಒತ್ತಿದ ಲೆಕ್ಕ, ಗಾಜು ಗಡಸೇ, ಆದ್ರೆ ಕೆಳಗಿನದು ತಗ್ಗಿದ ತಕ್ಷಣ ಅದೂ ಹೋಗತ್ತೆ. 10ಎಚ್ ಅಂತಾನೂ ಡಬ್ಬಿ ಮೇಲೆ ಬರೀತಾರೆ ಈಗೀಗ. ಪೆನ್ಸಿಲ್ ಪರೀಕ್ಷೆ 9ಎಚ್‌ಗೆ ಮುಗಿಯತ್ತೆ ಅನ್ನೋದನ್ನ ಡಬ್ಬಿ ಪ್ರಿಂಟ್ ಮಾಡಿದೋರಿಗೆ ಯಾರೂ ಹೇಳಿಲ್ಲ ಅನ್ಸತ್ತೆ.

ಪ್ರಶ್ನೆ: ನಮ್ಮ ಗಾಡಿಗೆ ಕೆಳಗೆಲ್ಲಾ ಕಪ್ಪು ರಬ್ಬರ್ ಥರದ್ದು ಅಂಡರ್‌ಬಾಡಿ ಕೋಟ್ ಹೊಡೆಸಿದೀವಿ ಸರ್, ಗಟ್ಟಿಯಾಗಿ ಚೆನ್ನಾಗಿದೆ. ಇನ್ನು ತುಕ್ಕಿನ ಚಿಂತೆ ಇಲ್ಲ ತಾನೆ?

ಉತ್ತರ: ಇದೆ. ಹೊಸ ಗಾಡಿಗೆ, ಶುದ್ಧವಾಗಿ ಒಣಗಿದ ಲೋಹದ ಮೇಲೆ ಹೊಡೆಸಿದ್ರೆ ಸ್ವಲ್ಪ ಕಾಲ ಒಳ್ಳೇದೇ, ಸದ್ದೂ ಕಮ್ಮಿ ಆಗತ್ತೆ. ಆದ್ರೆ ಆಫ್‌ರೋಡಲ್ಲಿ ಕೆಳಗೆ ಕಲ್ಲು ಬಡಿಯತ್ತೆ, ಆ ರಬ್ಬರ್ ಪದರ ಒಂದು ಕಡೆ ಬಿರುಕು ಬಿಡತ್ತೆ, ಬಿರುಕಲ್ಲಿ ಇಳಿದ ನೀರು ಹೊರಗೆ ಬರೋಕೆ ದಾರಿ ಇರಲ್ಲ. ಮೇಲಿಂದ ನೋಡಿದ್ರೆ ಕಪ್ಪಗೆ ನೀಟಾಗಿ ಕಾಣ್ತಿರತ್ತೆ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ, ಗಟ್ಟಿ ಕಡೆ ಟಣ್ ಅನ್ನತ್ತೆ, ಒಳಗೆ ತುಕ್ಕು ಎದ್ದಿರೋ ಕಡೆ ಬೊದ್ದು ಸದ್ದು ಬರತ್ತೆ, ಕೆರೆದ್ರೆ ಪದರ ಪದರವಾಗಿ ಕಂದು ಪುಡಿ ಉದುರತ್ತೆ. ಈಗಾಗ್ಲೇ ತುಕ್ಕು ಹಿಡಿದ ಗಾಡಿಗೆ ಇದನ್ನ ಹೊಡೆಸೋದಂತೂ ತುಕ್ಕನ್ನ ಕಂಬಳಿ ಹೊದಿಸಿ ಸಾಕೋ ಕೆಲಸ.

ನನ್ನ ಒಲವು ಗಟ್ಟಿಯಾಗದೆ ಮೆತ್ತಗೇ ಉಳಿಯೋ ಜಾತಿ ಕಡೆಗೆ. ಮೇಣ ಆಧಾರದ್ದು ಸಿಗತ್ತೆ, ಕುರಿ ಉಣ್ಣೆ ಜಿಡ್ಡಿಂದ ಮಾಡೋ ಲ್ಯಾನೋಲಿನ್ ಸಿಗತ್ತೆ. ಒಣಗಿ ಬಿರುಕು ಬಿಡಲ್ಲ, ಒಂದು ಕಡೆ ಕಿತ್ತೋದ್ರೂ ಕಣ್ಣಿಗೆ ಕಾಣತ್ತೆ, ಮೇಲೇ ಇನ್ನೊಂದ್ಸಲ ಹೊಡೀಬಹುದು. ಕೊರತೆ ಏನಂದ್ರೆ ಧೂಳು ಮೆತ್ಕೊಂಡು ಅಸಹ್ಯವಾಗಿ ಕಾಣತ್ತೆ, ಕೆಳಗೆ ಮಲಗಿ ರಿಪೇರಿ ಮಾಡೋ ಮೆಕ್ಯಾನಿಕ್ ಬೈತಾನೆ, ನೀರಲ್ಲಿ ಹೆಚ್ಚು ಓಡಾಡಿದ್ರೆ ವರ್ಷಕ್ಕೊಂದ್ಸಲ ಮತ್ತೆ ಹಚ್ಚಬೇಕು. ಬ್ರೇಕ್ ಡಿಸ್ಕು, ಪ್ಯಾಡು, ಸೈಲೆನ್ಸರ್ ಪೈಪು, ರಬ್ಬರ್ ಬುಶ್ ಇವಕ್ಕೆ ಮಾತ್ರ ತಾಗಬಾರ್ದು, ಮೊದಲೇ ಮುಚ್ಚಿಸಿ.

ಇದಕ್ಕಿಂತ ಮುಖ್ಯವಾದ್ದು ಒಳಭಾಗ. ಕಾರ್ಖಾನೆಲಿ ಬಾಡಿನ ತೊಟ್ಟಿಲಿ ಮುಳುಗಿಸಿ ಕರೆಂಟ್ ಹಾಯಿಸಿ ಹಚ್ಚೋ ಮೊದಲ ಪದರ, ಇ-ಕೋಟ್ ಅಂತಾರೆ, ಸುಮಾರು 20 ಮೈಕ್ರಾನ್, ನಿಜವಾದ ತುಕ್ಕು ತಡೆಯೋದು ಅದೇ. ಚಾಸಿ, ಅಂದ್ರೆ ಗಾಡಿಯ ಅಡಿ ಚೌಕಟ್ಟು, ಪೆಟ್ಟಿಗೆ ಥರ ಇರೋ ಗಾಡಿಗಳಲ್ಲಿ ಅದರೊಳಗೆ ಕೆಸರು ನುಗ್ಗಿ ಕೂತ್ರೆ ಹೊರಗಿನ ಕೋಟಿಂಗ್ ಏನೂ ಮಾಡಲ್ಲ, ಒಳಗಿಂದ ಹೊರಕ್ಕೆ ಕೊಳೆಯತ್ತೆ. ಚಾಸಿಲೂ ಡೋರಿನ ಅಡೀಲೂ ನೀರು ಇಳಿದುಹೋಗೋಕೆ ತೂತು ಬಿಟ್ಟಿರ್ತಾರೆ, ಅಂಡರ್‌ಬಾಡಿ ಹೊಡೆಯೋ ಹುಡುಗರು ಅವಸರದಲ್ಲಿ ಅವನ್ನೇ ಮುಚ್ಚಿಬಿಡ್ತಾರೆ! ಇವತ್ತೇ ಟಾರ್ಚ್ ಹಿಡಿದು ಒಂದೊಂದೇ ನೋಡಿ, ಮುಚ್ಚಿದ್ರೆ ತಂತಿ ಹಾಕಿ ಬಿಡಿಸಿ. ಆಮೇಲೆ ಉದ್ದ ಪೈಪಿನ ನಳಿಗೆ ಇರೋ ಸ್ಪ್ರೇಲಿ ಒಳಗಡೆ ಕ್ಯಾವಿಟಿ ವ್ಯಾಕ್ಸ್, ಅಂದ್ರೆ ಟೊಳ್ಳು ಜಾಗಕ್ಕೆ ಹೊಡೆಯೋ ತುಕ್ಕು ತಡೆಯೋ ಮೇಣ, ಹೊಡೆಸಿ. ಸಮುದ್ರದ ದಂಡೆ ಮೇಲೆ, ಉಪ್ಪು ಚೆಲ್ಲಿದ ಹಿಮದ ರಸ್ತೆ ಮೇಲೆ ಓಡಿಸೋರು ಇದನ್ನ ಮುಂದೂಡ್ಲೇಬಾರ್ದು.

ಪ್ರಶ್ನೆ: ಪಿಕಪ್‌ನ ಹಿಂದಿನ ಟ್ರೇಗೆ ಹೊಡೆಯೋ ಬೆಡ್‌ಲೈನರ್‌ನ ಇಡೀ ಗಾಡಿಗೇ ಹೊಡೆಸಿದ್ರೆ ಹೇಗೆ? ನೋಡೋಕೂ ರಫ್ ಆಗಿರತ್ತೆ.

ಉತ್ತರ: ಗಟ್ಟಿ ಅಂದ್ರೆ ಅದೇ ಗಟ್ಟಿ. ಪಾಲಿಯೂರಿಯಾ ಜಾತಿಯದು ಬಿಸಿ ಮಾಡಿ ಹೊಡೆದ್ರೆ ಎರಡು ಮೂರು ಮಿಲಿಮೀಟರ್ ದಪ್ಪ ಕೂರತ್ತೆ, ಇಲ್ಲೀವರೆಗೂ ಮೈಕ್ರಾನ್ ಲೆಕ್ಕದಲ್ಲಿ ಮಾತಾಡ್ತಿದ್ವಿ, ಇದು ಮಿಲಿಮೀಟರ್. ಗನ್ನಲ್ಲಿ ಹೊಡೆಯೋ ಎರಡು ಭಾಗದ ಯುರೆಥೇನ್ ಅದಕ್ಕಿಂತ ತೆಳ್ಳಗೆ, ಬಣ್ಣಾನೂ ಬೇಕಾದ್ದು ಬೆರೆಸ್ಬಹುದು. ಕೊಂಬೆ ಮುಳ್ಳು ಇದಕ್ಕೆ ಲೆಕ್ಕಕ್ಕಿಲ್ಲ.

ಆದ್ರೆ ಇದು ಹೋದ್ರೆ ವಾಪಸ್ ಬರೋ ದಾರಿ ಅಲ್ಲ. ಹಿಡ್ಕೊಳ್ಳೋಕೆ ಅಂತ ಮೊದ್ಲು ಇರೋ ಪೇಂಟ್‌ನ ಮರಳುಕಾಗದ ಹಾಕಿ ಉಜ್ಜಿ ಹಾಳು ಮಾಡ್ತಾರೆ, ಆಮೇಲೆ ಬೇಡ ಅನ್ಸಿದ್ರೆ ಕೆರೆದು ತೆಗೆಯೋದು ಇಡೀ ಗಾಡಿ ಪೇಂಟ್ ಮಾಡಿಸೋದಕ್ಕಿಂತ ದೊಡ್ಡ ಕೆಲಸ. ಉಜ್ಜೋದರಲ್ಲಿ ಸೋಮಾರಿತನ ಮಾಡಿದ್ರೆ ಚಕ್ಕೆ ಚಕ್ಕೆಯಾಗಿ ಏಳತ್ತೆ. ಒರಟು ಮೈಲಿ ಕೆಸರು ಕೂತು ಬ್ರಷ್ ಇಲ್ದೆ ಬರಲ್ಲ, ಬಿಸಿಲಿಗೆ ಕಪ್ಪು ಬಣ್ಣ ಬೂದು ಬಣ್ಣಕ್ಕೆ ತಿರುಗತ್ತೆ, ಅದಕ್ಕೆ ಯುವಿ ತಡೆಯೋ ಮೇಲ್ಪದರ ಇದೆಯಾ ಅಂತ ಕೇಳ್ಬೇಕು. ಗಾಡಿ ಮಾರೋ ಯೋಚನೆ ಇದ್ರೆ ಬೇಡವೇ ಬೇಡ, ನೋಡೋಕೆ ಬಂದೋರು ಒಳಗೆ ಏನು ಮುಚ್ಚಿಟ್ಟಿದಾರೋ ಅಂತಾನೇ ಅನುಮಾನ ಪಡೋದು. ಡೋರಿನ ಕೆಳಗಿನ ಪಟ್ಟಿ, ಕಬ್ಬಿಣದ ಬಂಪರ್, ವೀಲ್ ಆರ್ಚ್ ಒಳಗಡೆ ಇಷ್ಟಕ್ಕೆ ಹೊಡೆಸಿ, ಅಲ್ಲಿ ಇದಕ್ಕಿಂತ ಒಳ್ಳೇದು ಇಲ್ಲ.

ಪ್ರಶ್ನೆ: ಟ್ರೇಲ್‌ಗೆ ಹೋಗೋವಾಗ ಮಾತ್ರ ಅಂಟಿಸೋ ಮ್ಯಾಗ್ನೆಟ್ ಶೀಟ್ ಬರತ್ತಲ್ಲ, ಅದು ಒಳ್ಳೇದಾ?

ಉತ್ತರ: ಉಕ್ಕಿನ ಡೋರಿಗೆ ಕೊಂಬೆ ಗೀರು ತಡೆಯೋಕೆ ಬುದ್ಧಿವಂತ ಉಪಾಯಾನೇ. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಪ್ಯಾನೆಲ್‌ಗೆ ಹಿಡಿಯಲ್ಲ. ಹಾಕೋ ಮುಂಚೆ ಡೋರೂ ಶೀಟೂ ಎರಡೂ ತೊಳೆದು ಒಣಗಿರ್ಬೇಕು, ನಡುವೆ ಧೂಳು ಸಿಕ್ಕಿದ್ರೆ ಗಾಡಿ ಕುಲುಕಿದ ಹಾಗೆಲ್ಲಾ ಅದೇ ಪೇಂಟ್‌ನ ತೇಯತ್ತೆ. ಟ್ರೇಲ್ ಮುಗಿದ ತಕ್ಷಣ ತೆಗೆದ್ಬಿಡಿ, ವಾರಗಟ್ಟಲೆ ಬಿಟ್ರೆ ಕೆಳಗೆ ತೇವ ನಿಲ್ಲತ್ತೆ.

ಪ್ರಶ್ನೆ: ನನ್ನದು ಹಳೇ ಗಾಡಿ, ಎರಡೂ ಪಕ್ಕ ಆಗ್ಲೇ ಗೀರುಮಯ. ಮೊದ್ಲು ಕಾಂಪೌಂಡ್ ಪಾಲಿಷ್ ಮಾಡಿ ಎಲ್ಲಾ ತೆಗೆದು ಆಮೇಲೆ ಸೆರಾಮಿಕ್ ಅಂತಿದಾರೆ. ಮಾಡಿಸ್ಲಾ?

ಉತ್ತರ: ಪಾಲಿಷ್ ಅಂದ್ರೆ ಗೀರನ್ನ ತುಂಬೋದಲ್ಲ, ಗೀರಿನ ತಳದವರೆಗೂ ಸುತ್ತಲಿನ ಕ್ಲಿಯರ್ ಕೋಟ್‌ನ ತೇಯೋದು. ಇರೋದೇ 40-50 ಮೈಕ್ರಾನ್, ಹಳೇ ಗಾಡಿಲಿ ಹಿಂದೆ ಯಾರೆಲ್ಲಾ ತೇಯ್ದಿದಾರೋ, ಜೋರು ಕಾಂಪೌಂಡ್ ಹಾಕಿದ್ರೆ ಒಂದೇ ಸಲಕ್ಕೆ ಕೆಲವು ಮೈಕ್ರಾನ್ ಹೋಗತ್ತೆ. ಮುಂದಿನ ತಿಂಗಳು ಅದೇ ಪೊದೆ ದಾರಿಗೆ ಹೋಗೋರು ನೀವು, ಮತ್ತೆ ಗೀರು, ಮತ್ತೆ ಪಾಲಿಷ್, ಹಿಂಗೇ ಹೋದ್ರೆ ಕ್ಲಿಯರ್ ಕೋಟ್ ತೂತಾಗಿ ಬಣ್ಣ ಬೆಳ್ಳಗೆ ಸುಟ್ಟಂಗೆ ಕಾಣತ್ತೆ, ಆಗ ಪೇಂಟ್ ಬಿಟ್ರೆ ಬೇರೆ ಗತಿ ಇಲ್ಲ. ಮಾಡಿಸೋದೇ ಆದ್ರೆ ಮೊದ್ಲು ಪೇಂಟ್ ದಪ್ಪ ಅಳೆಯೋ ಮೀಟರ್ ಹಿಡಿದು ಪ್ರತಿ ಪ್ಯಾನೆಲ್ ತೋರಿಸಿ ಅನ್ನಿ. ಮೀಟರೇ ಇಲ್ಲ ಅಂದೋರ ಕೈಗೆ ಗಾಡಿ ಕೊಡ್ಬೇಡಿ.

ನೀವೇ ಮಾಡ್ಬಹುದಾದ ಪರೀಕ್ಷೆ ಒಂದಿದೆ, ಗೀರಿಗೆ ಅಡ್ಡವಾಗಿ ಉಗುರು ಎಳೀರಿ. ಉಗುರು ಸಿಕ್ಕಲ್ಲ ಅಂದ್ರೆ ಗೀರು ಮೇಲ್ಮೈಯದು, ಹಗುರ ಪಾಲಿಷ್‌ಗೆ ಮಾಸತ್ತೆ ಇಲ್ಲ ಹಂಗೇ ಬಿಟ್ರೂ ನಷ್ಟ ಇಲ್ಲ. ಉಗುರು ಟಕ್ ಅಂತ ನಿಂತ್ರೆ ಅದು ಪಾಲಿಷ್‌ಗೆ ಬಗ್ಗೋದಲ್ಲ. ಗೀರಿನ ತಳದಲ್ಲಿ ಬೂದು ಕಂಡ್ರೆ ಪ್ರೈಮರ್ (ಬಣ್ಣದ ಕೆಳಗಿನ ಪದರ), ಬೆಳ್ಳಿ ಥರ ಹೊಳೆದ್ರೆ ಲೋಹ, ಲೋಹ ಕಂಡ ಕಡೆ ಅವತ್ತೇ ಒರೆಸಿ ಒಣಗಿಸಿ ಟಚ್‌ಅಪ್ ಪೇಂಟ್ ಹಚ್ಚಿ, ಚೆನ್ನಾಗಿ ಕಾಣ್ಬೇಕಾಗಿಲ್ಲ, ಮುಚ್ಚಿದ್ರೆ ಸಾಕು. ರೀಪೇಂಟ್ ಆಗಿರೋ ಪ್ಯಾನೆಲ್ ಇದ್ರೆ ಪಿಪಿಎಫ್ ಹಾಕ್ಸೋ ಮುಂಚೆ ಹೇಳಿ, ಕಿತ್ತಾಗ ಫಿಲ್ಮ್ ಜೊತೆ ಪೇಂಟೂ ಎದ್ದು ಬರೋದುಂಟು.

ಪ್ರಶ್ನೆ: ಹೊಳಪಿಲ್ಲದ ಮ್ಯಾಟ್ ಪೇಂಟ್ ಗಾಡಿಗೂ ಇದೇ ಸಲಹೇನಾ?

ಉತ್ತರ: ಇಲ್ಲ. ಮ್ಯಾಟ್‌ನ ಪಾಲಿಷ್ ಮಾಡಿ ಗೀರು ತೆಗೆಯೋಕೇ ಆಗಲ್ಲ, ಉಜ್ಜಿದ ಜಾಗ ಹೊಳಪು ಬಂದು ಪ್ಯಾಚ್ ಕಾಣತ್ತೆ. ಹಂಗಾಗಿ ಪೂರ್ತಿ ಬಾಡಿ ಪಿಪಿಎಫ್‌ಗೆ ನಾನು ಹೂಂ ಅನ್ನೋದು ಇವರೊಬ್ಬರಿಗೇ, ಅದರಲ್ಲೂ ಮ್ಯಾಟ್ ಫಿಲ್ಮೇ ಆಗಿರ್ಬೇಕು.

ಪ್ರಶ್ನೆ: ಸೆರಾಮಿಕ್ ಮಾಡಿಸಿ ಬಂದಿದೀನಿ, ಇನ್ನು ತೊಳೆಯೋದು ಹೇಗೆ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಉತ್ತರ: ಮೊದಲ ದಿನ ನೀರು ತಾಗಿಸ್ಬೇಡಿ, ಒಂದು ವಾರ ಶಾಂಪೂ ಬೇಡ, ಅಷ್ಟರೊಳಗೆ ಕೆಸರಿಗೂ ಇಳೀಬೇಡಿ, ಪೂರ್ತಿ ಗಟ್ಟಿಯಾಗೋಕೆ ಟೈಮ್ ಬೇಕು. ಆಮೇಲೆ ಒಂದೇ ನಿಯಮ, ಒಣಗಿದ ಕೆಸರಿಗೆ ಬಟ್ಟೆ ಮುಟ್ಟಿಸಬಾರ್ದು. ಮೊದ್ಲು ನೀರು ಬಿಟ್ಟು ನೆನೆಸಿ, ಹತ್ತು ನಿಮಿಷ ಬಿಟ್ಟು ಪ್ರೆಷರ್‌ನಲ್ಲಿ ಕೆಳಗಿಂದ ಹೊಡೀರಿ, ಚಾಸಿ, ವೀಲ್ ಆರ್ಚ್ ಮೊದ್ಲು, ಬಾಡಿ ಆಮೇಲೆ. ವೀಲ್ ಆರ್ಚ್‌ನ ಒಳಮಡಿಕೆಗೆ ಬೆರಳು ಹಾಕಿ ಸುತ್ತಲೂ ಸವರಿ, ಹೊರಗಿಂದ ಫಳಫಳ ಅಂತಿರೋ ಗಾಡಿಲೂ ಅಲ್ಲಿಂದ ಒಂದು ಹಿಡಿ ಹಸಿಮಣ್ಣು ಬರತ್ತೆ, ಅದು ವಾರಗಟ್ಟಲೆ ತೇವ ಹಿಡ್ಕೊಂಡು ಕೂತಿರತ್ತೆ. ನೊರೆ ಹಾಕಿ, ಎರಡು ಬಕೆಟ್ ಇಟ್ಕೊಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಾಡೋ ನೀರು, ಮೇಲಿಂದ ಕೆಳಕ್ಕೆ ಬನ್ನಿ, ಡೋರಿನ ಕೆಳಗಿನ ಭಾಗಕ್ಕೆ ಬೇರೇನೇ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಬಾನೆಟ್ ಮೇಲೆ ಬರಬಾರ್ದು, ಅದನ್ನ ಅವತ್ತಿಂದ ರಿಮ್ಮಿಗೆ ಇಟ್ಬಿಡಿ.